ಬಿಸಿಲಿನ ಕರೆಂಟು ಹಳ್ಳಿಯ ಸಂಘಕ್ಕೆ ದಕ್ಕುವುದು ಹೇಗೆ?

"ಊರ ಸುತ್ತ ಅಷ್ಟೊಂದು ಸೋಲಾರ್ ಹಾಕಿದ್ದಾರಲ್ಲ, ಮತ್ತೆ ಸಂಜೆಯಾದರೆ ಕರೆಂಟು ಯಾಕೆ ಹೋಗುತ್ತೆ?" ಪಾವಗಡ, ಹಿರಿಯೂರು, ಗದಗದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರು ಹಬ್ಬಕ್ಕೆ ಊರಿಗೆ ಹೋಗಿ ಬಂದಾಗ ಕೇಳುವ ಪ್ರಶ್ನೆ ಇದು. ಕುಹಕವೇನಲ್ಲ, ನ್ಯಾಯವಾದ ಪ್ರಶ್ನೆಯೇ. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಹರಡಿಕೊಂಡಿದೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಅಷ್ಟಿದ್ದೂ ಆ ಕರೆಂಟು ಪಕ್ಕದ ಹಳ್ಳಿಯ ಮೋಟರಿಗೆ ಬೇಕಾದ ಹೊತ್ತಿಗೆ ಸಿಗುವುದಿಲ್ಲವೆಂದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಹಾಗಾದರೆ ಊರಿನವರೇ ಸಂಘ ಕಟ್ಟಿಕೊಂಡು, ತಮ್ಮ ಬಿಸಿಲಿನಲ್ಲಿ ತಾವೇ ಕರೆಂಟು ಮಾಡಿ, ತಾವೇ ಹಂಚಿಕೊಂಡರೆ ಆಗದೇ? ಆಗುತ್ತದೆ. ಕೆಲವು ಕಡೆ ಆಗಿಯೂ ಇದೆ. ಆದರೆ ಪ್ಯಾನೆಲ್ ಕೊಂಡು ತಂದು ನಿಲ್ಲಿಸುವುದು ಈ ಕೆಲಸದ ಸುಲಭದ ಭಾಗ. ಬಿಸಿಲು ಬಂದಾಗ ಬಂದು, ಮೋಡ ಕವಿದಾಗ ಹೋಗುವ ಕರೆಂಟಿನ ಏರಿಳಿತವನ್ನು ಯಾರು ಹೊರಬೇಕು, ಅದಕ್ಕೆ ಯಾರು ದುಡ್ಡು ತೆರಬೇಕು ಎಂಬಲ್ಲಿ ಕಷ್ಟ ಶುರುವಾಗುತ್ತದೆ.

ಹಾಲಿಗೂ ಕರೆಂಟಿಗೂ ಇರುವ ವ್ಯತ್ಯಾಸ

ಕರ್ನಾಟಕದವರಿಗೆ ಸಹಕಾರ ಸಂಘವೆಂದರೆ ಕಣ್ಣಿಗೆ ಕಟ್ಟುವುದು ಊರ ಡೇರಿ. ಬೆಳಿಗ್ಗೆ, ಸಂಜೆ ಹಾಲು ಹಾಕುತ್ತಾರೆ, ಫ್ಯಾಟ್ ನೋಡುತ್ತಾರೆ, ಹಾಲು ಶೀತಲ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿಂದ ಒಕ್ಕೂಟಕ್ಕೆ. ಒಂದು ಊರಲ್ಲಿ ಹಾಲು ಕಡಿಮೆಯಾದರೆ ಇನ್ನೊಂದು ಊರಿನದು ತುಂಬಿಕೊಡುತ್ತದೆ. ಹೆಚ್ಚಾದರೆ ಪುಡಿ ಮಾಡಿಡುತ್ತಾರೆ. ವಿದ್ಯುತ್ ಸಂಘವನ್ನೂ ಇದೇ ಲೆಕ್ಕದಲ್ಲಿ ಯೋಚಿಸಿ ನೋಡಿ. ಎಲ್ಲ ಹಸುಗಳೂ ಮಧ್ಯಾಹ್ನ ಹನ್ನೆರಡಕ್ಕೇ ಹಾಲು ಕೊಡುತ್ತವೆ, ಗಿರಾಕಿಗಳು ಬರುವುದು ಸಂಜೆ ಏಳಕ್ಕೆ, ನಡುವೆ ಹಾಲು ತಂಪಾಗಿಡಲು ಟ್ಯಾಂಕೇ ಇಲ್ಲ. ಕರೆದ ಕ್ಷಣದಲ್ಲೇ ಕುಡಿದು ಮುಗಿಸಬೇಕು.

ವಿದ್ಯುತ್ ಜಾಲದಲ್ಲಿ ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣಕ್ಕೂ ಸರಿದೂಗಬೇಕು. ತೂಗುತ್ತಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ಆವರ್ತನ, ಅಂದರೆ ಫ್ರೀಕ್ವೆನ್ಸಿ. ನಮ್ಮ ದೇಶದಲ್ಲಿ ಅದು 50 ಹರ್ಟ್ಜ್. ಬಳಕೆ ಹೆಚ್ಚಾದರೆ ಇಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಏರುತ್ತದೆ. 49.90ರಿಂದ 50.05ರ ನಡುವೆ ಇರಿಸಬೇಕೆಂಬುದು ನಿಯಮ. ಬೆಂಗಳೂರಿನ ಆನಂದರಾವ್ ಸರ್ಕಲ್ ಬಳಿಯ ರೇಸ್‌ಕೋರ್ಸ್ ಕ್ರಾಸ್ ರಸ್ತೆಯಲ್ಲಿ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರವಿದೆ, ರಾಜ್ಯದ ಕೇಂದ್ರವೂ ಅದರ ನೆರೆಯಲ್ಲೇ. ನಾವು ಟ್ರಾಫಿಕ್‌ನಲ್ಲಿ ಗೊಣಗುತ್ತಾ ದಾಟಿಹೋಗುವ ಆ ಜಾಗದಲ್ಲಿ ಕೂತವರು ದಿನವನ್ನು 15 ನಿಮಿಷದ 96 ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಯಾವ ಸ್ಥಾವರ ಎಷ್ಟು ಕೊಡಬೇಕು, ಯಾವ ಎಸ್ಕಾಂ (ಬೆಸ್ಕಾಂ, ಹೆಸ್ಕಾಂನಂಥ ವಿದ್ಯುತ್ ಹಂಚಿಕೆ ಕಂಪನಿ) ಎಷ್ಟು ತೆಗೆದುಕೊಳ್ಳಬೇಕು ಎಂದು ವೇಳಾಪಟ್ಟಿ ಹಾಕುತ್ತಾರೆ. ಶರಾವತಿಯ 1,035 ಮೆಗಾವ್ಯಾಟ್ ಅವರಿಗೆ ಪ್ರಿಯವಾಗಿರುವುದು ಇದೇ ಕಾರಣಕ್ಕೆ. ಗೇಟು ತೆರೆದರೆ ನಿಮಿಷಗಳಲ್ಲಿ ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ರಾಯಚೂರಿನ ಕಲ್ಲಿದ್ದಲು ಬಾಯ್ಲರ್‌ಗೆ ಆ ಚುರುಕಿಲ್ಲ. ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲೂ ಆಗುವುದಿಲ್ಲ.

ಸೂರ್ಯ, ಗಾಳಿಗಳಿಗೆ ಈ ವೇಳಾಪಟ್ಟಿಯ ಹಂಗಿಲ್ಲ. ಹೀಗೆ ತಮ್ಮಷ್ಟಕ್ಕೆ ಏರಿಳಿಯುವ ಮೂಲಗಳನ್ನೇ ಚಂಚಲ ನವೀಕರಿಸಬಹುದಾದ ಇಂಧನ ಎನ್ನುವುದು.

ಹುಕ್ಕೇರಿಯಲ್ಲೊಂದು ಸಂಘ

ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಕಲ್ಪನೆ ಬೆಳೆದದ್ದು ಅಮೆರಿಕದಲ್ಲಿ. 1930ರ ದಶಕದ ಹೊತ್ತಿಗೆ ಅಲ್ಲಿನ ನಗರಗಳೆಲ್ಲ ಬೆಳಗುತ್ತಿದ್ದರೂ ಹತ್ತರಲ್ಲಿ ಒಂಬತ್ತು ರೈತರ ಮನೆಗಳು ಕತ್ತಲೆಯಲ್ಲಿದ್ದವು. ಮೈಲಿಗೆ ಎರಡು ಮೂರು ಮನೆಯಿರುವ ಕಡೆ ಕಂಬ ನೆಟ್ಟರೆ ಗಿಟ್ಟುವುದಿಲ್ಲ ಎಂದು ಖಾಸಗಿ ಕಂಪನಿಗಳು ಕೈಚೆಲ್ಲಿದ್ದವು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿ, ಮರುವರ್ಷ ಕಾನೂನು ತಂದು, ರೈತರ ಸಂಘಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟಿತು. ಇವತ್ತಿಗೂ ಅಲ್ಲಿ ಸುಮಾರು 900 ಸಂಘಗಳಿವೆ. ದೇಶದ ಅರ್ಧಕ್ಕಿಂತ ಹೆಚ್ಚು ಭೂಭಾಗಕ್ಕೆ ತಂತಿ ಎಳೆದಿರುವವರು ಅವರೇ.

ಆ ಮಾದರಿ ನಮ್ಮಲ್ಲಿಗೂ ಬಂತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದ ಕಾಲಕ್ಕೆ, ಅಮೆರಿಕದ ನೆರವಿನೊಂದಿಗೆ ದೇಶದಲ್ಲಿ ಪ್ರಯೋಗಕ್ಕೆಂದು ಐದು ಸಂಘಗಳನ್ನು ಕಟ್ಟಿದರು: ಆಂಧ್ರದ ಸಿರಿಸಿಲ್ಲ (ಈಗ ತೆಲಂಗಾಣ), ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೊಡಿನಾರ್, ಉತ್ತರ ಪ್ರದೇಶದ ಲಖನೌ, ಮತ್ತು ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಂದಿಗೂ ನಡೆಯುತ್ತಿದೆ. ರಾಜ್ಯದಲ್ಲಿ ಈ ಬಗೆಯದು ಅದೊಂದೇ. ಬೆಸ್ಕಾಂ ಬಿಲ್ಲನ್ನು ಫೋನಿನಲ್ಲಿ ಕಟ್ಟುವ ಬೆಂಗಳೂರಿಗರಿಗೆ, ಬಳಕೆದಾರರೇ ಷೇರುದಾರರಾಗಿ ಆಡಳಿತ ಮಂಡಳಿಯನ್ನು ಚುನಾಯಿಸುವ ವಿದ್ಯುತ್ ಸಂಸ್ಥೆಯೊಂದು ನಮ್ಮ ರಾಜ್ಯದಲ್ಲೇ ಇದೆ ಎಂಬುದು ಗೊತ್ತಿರುವುದು ಕಡಿಮೆ. ಹಾಗೆ ನೋಡಿದರೆ ಅಚ್ಚರಿಪಡಬೇಕಿಲ್ಲ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸೀಮೆ ಇದು.

ಹುಕ್ಕೇರಿ ಸಂಘ ಹಂಚಿಕೆಯ ಸಂಸ್ಥೆ. ಕರೆಂಟನ್ನು ಹೆಸ್ಕಾಂನಿಂದ ಸಗಟಾಗಿ ಕೊಂಡು ತನ್ನ ಸದಸ್ಯರಿಗೆ ಮಾರುತ್ತದೆ. ಕೊಳ್ಳುವ ದರವನ್ನೂ ಮಾರುವ ದರವನ್ನೂ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಇಂಥ ಸಂಘವೊಂದು "ನಾವೇ ಸೋಲಾರ್ ಹಾಕಿಕೊಳ್ಳುತ್ತೇವೆ" ಎಂದು ಹೊರಟರೆ ಏನೇನು ಎದುರಾಗುತ್ತದೆ ಎಂಬುದು ಮುಂದಿನ ಮಾತು. ಇನ್ನು ಮೇಲೆ ಹೇಳುವ ಲೆಕ್ಕಗಳು ಹುಕ್ಕೇರಿಯವಲ್ಲ, ಅರ್ಥವಾಗಲೆಂದು ನಾನು ಹಾಕಿದ ಉದಾಹರಣೆಗಳು.

ಒಂದು ಮೋಡ, ಒಂದು ಋತು

ಏರಿಳಿತದಲ್ಲಿ ಎರಡು ಬಗೆ. ಮೊದಲನೆಯದು ನಿಮಿಷಗಳದ್ದು. ಎರಡು ಮೆಗಾವ್ಯಾಟ್‌ನ ಪ್ಲಾಂಟು ಹತ್ತು ಎಕರೆಯಷ್ಟು ಜಾಗದಲ್ಲಿರುತ್ತದೆ. ಒಂದು ದಟ್ಟ ಮೋಡ ಅದರ ಮೇಲೆ ಹಾದರೆ ನಿಮಿಷದೊಳಗೆ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಕುಸಿಯಬಹುದು. ಇಡೀ ರಾಜ್ಯದ ಸೌರ ಸ್ಥಾವರಗಳನ್ನು ಒಟ್ಟಿಗೆ ನೋಡಿದರೆ ಹೀಗೆ ಕುಸಿಯುವುದಿಲ್ಲ. ಪಾವಗಡದಲ್ಲಿ ಮೋಡವಿದ್ದಾಗ ರಾಯಚೂರಿನಲ್ಲಿ ಬಿಸಿಲಿರುತ್ತದೆ. ಹರಡಿಕೊಂಡಷ್ಟೂ ಏರಿಳಿತ ಸವೆಯುತ್ತದೆ ಎಂಬುದು ಶುದ್ಧ ಗಣಿತ. ಒಂದು ತಾಲ್ಲೂಕಿನ ಸಂಘಕ್ಕೆ ಹರಡಿಕೊಳ್ಳಲು ಜಾಗವಿಲ್ಲ. ಚಿಕ್ಕದಾಗಿರುವುದರ ನಿಜವಾದ ನಷ್ಟ ಇದೇ.

ಮೋಡ ಮುಂಚೆ ಹೇಳಿ ಬರುವುದಿಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಮಾತ್ರ ಪಂಚಾಂಗದಲ್ಲೇ ಇತ್ತು. ಎಷ್ಟು ಗಂಟೆಗೆ ಹಿಡಿಯುತ್ತದೆ, ಎಷ್ಟಕ್ಕೆ ಬಿಡುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಬದಲಿ ಉತ್ಪಾದನೆಯನ್ನು ಸಿದ್ಧವಾಗಿಟ್ಟುಕೊಳ್ಳುವುದು ಕಷ್ಟವಲ್ಲ. ಮುನ್ಸೂಚನೆಗೆ ಇಷ್ಟು ಬೆಲೆ ಇರುವುದರಿಂದಲೇ ನಮ್ಮ ಆಯೋಗ 2015ರಲ್ಲಿ ನಿಯಮ ತಂದಿತು: 5 ಮೆಗಾವ್ಯಾಟ್ ಮತ್ತು ಮೇಲಿನ ಸೌರ, 10 ಮತ್ತು ಮೇಲಿನ ಪವನ ಸ್ಥಾವರಗಳು 15 ನಿಮಿಷದ ತುಂಡಿಗೊಂದರಂತೆ ಅಂದಾಜು ಕೊಡಬೇಕು, ಶೇ 15ಕ್ಕಿಂತ ಹೆಚ್ಚು ತಪ್ಪಿದರೆ ಯೂನಿಟ್‌ಗೆ ಇಷ್ಟೆಂದು ದಂಡ ಕಟ್ಟಬೇಕು. ಸಂಘವೊಂದರ ಎರಡು ಮೆಗಾವ್ಯಾಟ್ ಆ ಮಿತಿಯ ಕೆಳಗೇ ಉಳಿಯುತ್ತದೆ. ಆದರೆ ದಂಡವಿಲ್ಲ ಎಂದ ಮಾತ್ರಕ್ಕೆ ತಪ್ಪಿದ ಅಂದಾಜಿನ ಖರ್ಚು ಮಾಯವಾಗುವುದಿಲ್ಲ, ಮೇಲಿನ ಎಸ್ಕಾಂ ಅದನ್ನು ಸದ್ದಿಲ್ಲದೆ ಹೊರುತ್ತಿರುತ್ತದೆ, ಅಷ್ಟೆ.

ಎರಡನೆಯ ಬಗೆಯ ಏರಿಳಿತ ತಿಂಗಳುಗಳದ್ದು. ಕರ್ನಾಟಕದಲ್ಲಿ ಫೆಬ್ರುವರಿಯಿಂದ ಮೇವರೆಗೆ ಬಿಸಿಲು ಚೆನ್ನ, ಗಾಳಿ ಮಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಬೀಸುತ್ತದೆ, ಬಿಸಿಲು ಕುಗ್ಗುತ್ತದೆ. ಗಾಳಿ ಸಂಜೆ, ರಾತ್ರಿಯಲ್ಲೂ ಇರುತ್ತದೆ. ಎರಡೂ ಒಂದಕ್ಕೊಂದು ಜೊತೆಯಾಗುತ್ತವೆ, ನಮ್ಮ ಸೀಮೆಯ ಪುಣ್ಯ. ಆದರೆ ಅಕ್ಟೋಬರ್ ಬಂತೆಂದರೆ ಗಾಳಿ ಇಳಿದಿರುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಏನಾಯಿತೆಂದು ನೆನಪಿಸಿಕೊಳ್ಳಿ. ಜಲಾಶಯದಲ್ಲಿ ನೀರಿಲ್ಲ, ಮಳೆಯಿಲ್ಲದ್ದಕ್ಕೆ ಬೋರ್‌ವೆಲ್‌ಗಳೆಲ್ಲ ಓಡುತ್ತಿವೆ, ಗಾಳಿಯೂ ನಿಂತಿದೆ. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದೊಳಗಿನ ಖಾಸಗಿ ಉತ್ಪಾದಕರ ಕರೆಂಟನ್ನು ಇಲ್ಲಿಗೇ ಕೊಡಬೇಕೆಂದು ಆದೇಶಿಸಿತು, ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ಆಮೇಲೆ ಹಿಂತಿರುಗಿಸುವ ಕರಾರಿನಲ್ಲಿ ಕೈಗಡ ತಂದಿತು. ಇಂಥ ಋತುವಿನ ಕೊರತೆಗೆ ಯಾವ ಬ್ಯಾಟರಿಯೂ ಸಾಲದು. ದೊಡ್ಡ ಜಾಲದ ಒಡನಾಟವೇ ಬೇಕು. ಸಂಘ ಸ್ವಾವಲಂಬಿಯಾಗಿ ಗ್ರಿಡ್‌ನಿಂದ ಕಳಚಿಕೊಳ್ಳುತ್ತದೆ ಎಂಬ ಮಾತು ಭಾಷಣಕ್ಕೆ ಚಂದ.

ಐಪಿ ಸೆಟ್ ಎಂಬ ಅಗ್ಗದ ಬ್ಯಾಟರಿ

ಹಳ್ಳಿಯ ಸಂಘಕ್ಕೆ ನಗರದವರಿಗಿಲ್ಲದ ಒಂದು ಅನುಕೂಲವಿದೆ. ಅದರ ಬಹುಪಾಲು ಕರೆಂಟು ಹೋಗುವುದು ನೀರಾವರಿ ಪಂಪ್‌ಸೆಟ್‌ಗೆ, ಅಂದರೆ ಐಪಿ ಸೆಟ್‌ಗೆ, ಮತ್ತು ಪಂಪ್‌ಸೆಟ್ ಯಾವ ಹೊತ್ತಿಗೆ ಓಡಿದರೂ ನೀರು ನೀರೇ. ಬೆಂಗಳೂರಿನ ಗೀಸರ್ ಬೆಳಿಗ್ಗೆ ಆರಕ್ಕೇ ಬೇಕು, ಟಿವಿ ರಾತ್ರಿ ಎಂಟಕ್ಕೇ ಬೇಕು. ಕಬ್ಬಿಗೆ ನೀರು ಹತ್ತಕ್ಕೆ ಬಿಟ್ಟರೂ ಆಯಿತು, ಎರಡಕ್ಕೆ ಬಿಟ್ಟರೂ ಆಯಿತು. ತೊಟ್ಟಿಯಲ್ಲೋ ಕೃಷಿ ಹೊಂಡದಲ್ಲೋ ನಿಂತ ನೀರು, ತೇವ ಹಿಡಿದ ಮಣ್ಣು, ಇವೇ ಇಲ್ಲಿ ಸಂಗ್ರಹ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ.

ಇಷ್ಟು ದಿನ ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. ಹಗಲಿನ ಕರೆಂಟು ಉದ್ದಿಮೆಗೆ, ಪೇಟೆಗೆ ಬೇಕೆಂದು ರೈತನಿಗೆ ಥ್ರೀ ಫೇಸ್ ರಾತ್ರಿ ಕೊಟ್ಟೆವು. ಏಳು ಗಂಟೆಯ ಪೂರೈಕೆಯನ್ನು ಹಗಲಿಗಿಷ್ಟು, ರಾತ್ರಿಗಿಷ್ಟು ಎಂದು ಒಡೆದೆವು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹೊಲಕ್ಕೆ ಹೋದವನಿಗೆ ಹಾವು, ಕರಡಿ, ಚಿರತೆಯ ಭಯ. ಆದ್ದರಿಂದ ಜನ ಆಟೋ ಸ್ಟಾರ್ಟರ್ ಹಾಕಿಸಿಕೊಂಡರು. ಪಂಪ್‌ಹೌಸಿನ ಗೋಡೆಯ ಮೇಲಿನ ಆ ಪೆಟ್ಟಿಗೆಯ ಗುಂಡಿಯನ್ನು ಒಮ್ಮೆ ಆಟೋಗೆ ತಿರುಗಿಸಿಟ್ಟರೆ ಮತ್ತೆ ಮುಟ್ಟುವವರಿಲ್ಲ. ಥ್ರೀ ಫೇಸ್ ಬಂದ ಕ್ಷಣ ಫೀಡರಿನ, ಅಂದರೆ ಸ್ಟೇಷನ್ನಿನಿಂದ (ಸಬ್‌ಸ್ಟೇಷನ್) ಹೊರಡುವ ಲೈನಿನ, ಎಲ್ಲ ಮೋಟರುಗಳೂ ಒಟ್ಟಿಗೆ ಎದ್ದೇಳುತ್ತವೆ. ಮೋಟರು ಶುರುವಾಗುವಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು. ವೋಲ್ಟೇಜ್ ಕುಸಿಯುತ್ತದೆ, ಲೈನಿನ ತುದಿಯಲ್ಲಿದ್ದವನ ಮೋಟರು ಗುಂಯ್ ಎಂದು ಬಿಸಿಯಾಗುತ್ತದೆ, ಕಾಯಿಲ್ ಸುಡುತ್ತದೆ, ಇಲ್ಲವೇ ಟಿಸಿಯೇ (ಟ್ರಾನ್ಸ್‌ಫಾರ್ಮರ್) ಹೋಗುತ್ತದೆ. ರೀವೈಂಡಿಂಗ್ ಅಂಗಡಿಗೆ ಮೋಟರು ಹೊತ್ತವನನ್ನು ಕೇಳಿದರೆ ಆತ ಹೇಳುವುದು ಇದನ್ನೇ.

ಈಗ ಲೆಕ್ಕ. ಒಂದು ಸ್ಟೇಷನ್ನಿನಿಂದ ಎರಡು ಐಪಿ ಫೀಡರ್ ಹೊರಡುತ್ತವೆ, ತಲಾ 150ರಂತೆ 5 ಎಚ್‌ಪಿಯ 300 ಪಂಪ್‌ಸೆಟ್ ಎಂದಿಟ್ಟುಕೊಳ್ಳಿ. ಮೋಟರಿನ ನಷ್ಟವೂ ಸೇರಿ ಎಲ್ಲ ಓಡಿದರೆ ಸುಮಾರು 1,400 ಕಿಲೋವ್ಯಾಟ್. ಏಳು ಗಂಟೆಗೆ 9,800 ಯೂನಿಟ್. ಸ್ಟೇಷನ್ ಪಕ್ಕದ ಹತ್ತು ಎಕರೆಯಲ್ಲಿ 2 ಮೆಗಾವ್ಯಾಟ್ ಪ್ಲಾಂಟು ಹಾಕಿದರೆ ದಿನಕ್ಕೆ ಸರಾಸರಿ ಎಂಟರಿಂದ ಒಂಬತ್ತು ಸಾವಿರ ಯೂನಿಟ್ ಬರುತ್ತದೆ. ಒಟ್ಟು ಮೊತ್ತ ಹೆಚ್ಚುಕಡಿಮೆ ಸರಿಹೋಯಿತು. ಆದರೆ ಒಟ್ಟು ಸರಿಹೋದರೆ ಸಾಲದು, ಹೊತ್ತು ಸರಿಹೋಗಬೇಕು. ಸೌರ ಉತ್ಪಾದನೆ ಬೆಳಿಗ್ಗೆ ಮೆಲ್ಲಗೆ ಏರಿ, ಮಧ್ಯಾಹ್ನ ಉಬ್ಬಿ, ಸಂಜೆ ಇಳಿಯುತ್ತದೆ.

ಹಾಗಾಗಿ ಮೊದಲ ಫೀಡರಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 3ರವರೆಗೆ, ಎರಡನೆಯದಕ್ಕೆ 10ರಿಂದ ಸಂಜೆ 5ರವರೆಗೆ ಕೊಡಿ. ಇಬ್ಬರಿಗೂ ಏಳೇ ಗಂಟೆ. 8ರಿಂದ 10ರವರೆಗೆ ಬೇಡಿಕೆ 700 ಕಿಲೋವ್ಯಾಟ್, 10ರಿಂದ 3ರವರೆಗೆ ಎರಡೂ ಸೇರಿ 1,400, ಆಮೇಲೆ ಮತ್ತೆ 700. ಬೇಡಿಕೆಯೂ ಬಿಸಿಲಿನ ಹಾಗೆಯೇ ಉಬ್ಬಿ ಇಳಿಯಿತು. ಹಳ್ಳಿಗಳಲ್ಲಿ ಬ್ಯಾಚ್ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ, ಬದಲಾಗಬೇಕಾದ್ದು ಗಂಟೆಗಳು. ಆಟೋ ಸ್ಟಾರ್ಟರ್‌ಗಳು ಒಂದರ ಹಿಂದೆ ಒಂದರಂತೆ ತಡವಾಗಿ ಏಳುವ ಹಾಗೆ ಟೈಮರ್ ಜೋಡಿಸಿದರೆ ಬೆಳಗಿನ ಎಂಟರ ಕುಸಿತವೂ ತಪ್ಪುತ್ತದೆ. ಬ್ಯಾಟರಿಗೆ ಕೋಟಿ ಸುರಿಯುವ ಮೊದಲು ಮಾಡಬೇಕಾದ ಕೆಲಸವೆಂದರೆ ಇದೇ ಎಂಬುದು ನನ್ನ ಅಭಿಪ್ರಾಯ. ಆದರೆ ಇದರಲ್ಲಿ ರಿಬ್ಬನ್ ಕತ್ತರಿಸುವುದಕ್ಕೆ ಏನೂ ಇಲ್ಲವಲ್ಲ, ಅದೇ ತೊಂದರೆ.

ಕರ್ನಾಟಕದಲ್ಲಿ ಇದಕ್ಕೆ ನೆಲ ಹದವಾಗಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನನ್ನೂ ಪಂಪ್‌ಸೆಟ್‌ಗಳ ಲೈನನ್ನೂ ಬೇರೆ ಮಾಡಿರುವುದರಿಂದ ಐಪಿ ಫೀಡರನ್ನು ಹಗಲಿಗೆ ತಿರುಗಿಸಿದರೆ ಮನೆಯ ದೀಪಕ್ಕೆ ಏನೂ ಆಗದು. ಕೇಂದ್ರ ಸರ್ಕಾರದ 2019ರ ಪಿಎಂ-ಕುಸುಮ್ ಯೋಜನೆಯ ಎ ವಿಭಾಗದಲ್ಲಿ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗಿನ ಪ್ಲಾಂಟನ್ನು ರೈತರ ಗುಂಪು, ಸಹಕಾರ ಸಂಘ, ಪಂಚಾಯಿತಿಗಳೂ ಹಾಕಬಹುದೆಂದಾಯಿತು. ಸಿ ವಿಭಾಗದಲ್ಲಿ ಫೀಡರನ್ನೇ ಸೌರಕ್ಕೆ ತರಬಹುದೆಂದಾಯಿತು.

ಲೈನ್‌ಮ್ಯಾನ್‌ಗೆ ಗೊತ್ತಿರಬೇಕಾದ್ದು

11 ಕೆವಿ ಲೈನನ್ನು ಎಳೆದಿದ್ದು ಕರೆಂಟು ಸ್ಟೇಷನ್ನಿನಿಂದ ಹೊಲದ ಕಡೆಗೆ ಮಾತ್ರ ಹರಿಯುತ್ತದೆ ಎಂಬ ನಂಬಿಕೆಯ ಮೇಲೆ. ಫೀಡರಿನ ನಡುವೆಯೋ ತುದಿಗೋ ಸೋಲಾರ್ ಬಂದರೆ ಆ ನಂಬಿಕೆ ಮುರಿಯುತ್ತದೆ. ಪಂಪುಗಳು ಓಡುವ ದಿನ ಇದರಿಂದ ಒಳ್ಳೆಯದೇ: ಸದಾ ಕಡಿಮೆ ವೋಲ್ಟೇಜ್ ಇರುತ್ತಿದ್ದ ತುದಿಯಲ್ಲೇ ಕರೆಂಟು ಹುಟ್ಟುವುದರಿಂದ ವೋಲ್ಟೇಜ್ ಸುಧಾರಿಸುತ್ತದೆ, ಲೈನಿನ ನಷ್ಟ ತಗ್ಗುತ್ತದೆ. ಹಿಂದಿನ ದಿನ ಜೋರು ಮಳೆ ಬಂದು, ಮರುದಿನ ಬಿಸಿಲು ಬಿದ್ದರೆ ಮಾತ್ರ ಫಜೀತಿ. ಪಂಪು ಹಾಕುವವರಿಲ್ಲ, ಪ್ಯಾನೆಲ್ ಪೂರ್ತಿ ಉತ್ಪಾದಿಸುತ್ತಿದೆ, ಕರೆಂಟು ಹಿಂದಕ್ಕೆ ಸ್ಟೇಷನ್ನಿನ ಕಡೆ ಹರಿದು ತುದಿಯಲ್ಲಿ ವೋಲ್ಟೇಜ್ ಮಿತಿ ಮೀರುತ್ತದೆ. ಪ್ಯಾನೆಲ್‌ನ ಕರೆಂಟನ್ನು ಲೈನಿಗೆ ಹೊಂದುವಂತೆ ಬದಲಿಸುವ ಇನ್ವರ್ಟರ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ವೋಲ್ಟೇಜನ್ನು ಹಿಡಿತದಲ್ಲಿಡುವಂತೆ ಇನ್ವರ್ಟರುಗಳನ್ನು ಹೊಂದಿಸುವುದು, ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್‌ನಲ್ಲಿ ಓಡುತ್ತಿರುವಾಗಲೇ ಟ್ಯಾಪ್ ಬದಲಿಸಿ ವೋಲ್ಟೇಜ್ ಏರಿಳಿಸುವ ಸಾಧನವಿರುವುದು, ಸಾಧ್ಯವಾದಷ್ಟೂ ಪ್ಲಾಂಟನ್ನು ಸ್ಟೇಷನ್ನಿನ ಪಕ್ಕದಲ್ಲೇ ಹಾಕುವುದು, ಇವೆಲ್ಲ ಪರಿಹಾರಗಳು.

ಇದಕ್ಕಿಂತ ಮುಖ್ಯವಾದುದು ಜೀವದ ಮಾತು. ಲೈನ್‌ಮ್ಯಾನ್ ಎಲ್‌ಸಿ (ಲೈನ್ ಮೇಲೆ ಕೆಲಸ ಮಾಡುವ ಅನುಮತಿ) ತೆಗೆದುಕೊಂಡು, ಸ್ಟೇಷನ್ನಿನಲ್ಲಿ ಆಫ್ ಮಾಡಿಸಿ ಕಂಬ ಹತ್ತುತ್ತಾನೆ. ಇನ್ನೊಂದು ತುದಿಯಲ್ಲಿ ಸೋಲಾರ್ ಇದ್ದರೆ ಸತ್ತ ಲೈನು ಸತ್ತಿರಲಿಕ್ಕಿಲ್ಲ. ಗ್ರಿಡ್ ಹೋದೊಡನೆ ಇನ್ವರ್ಟರ್ ನಿಲ್ಲಬೇಕೆಂಬ ನಿಯಮ ಇರುವುದು ಇದಕ್ಕೇ. ಕರೆಂಟು ಹೋದಾಗ ತಮ್ಮ ತಾರಸಿಯ ಸೋಲಾರ್ ಕೂಡ ಯಾಕೆ ಕೆಲಸ ಮಾಡುವುದಿಲ್ಲ ಎಂದು ಗೊಂದಲಪಡುವ ಬೆಂಗಳೂರಿನವರಿಗೂ ಉತ್ತರ ಇದೇ. ಇನ್ವರ್ಟರಿನ ಮೇಲಷ್ಟೇ ಭಾರ ಹಾಕದೆ ಎರಡೂ ಕಡೆ ಅರ್ಥ್ ಮಾಡಿಯೇ ಕೆಲಸ ಮಾಡುವ ಶಿಸ್ತನ್ನು ಸಂಘ ತನ್ನ ಸಿಬ್ಬಂದಿಗೆ ಕಲಿಸಬೇಕಾಗುತ್ತದೆ.

ಸಂಜೆ ಏಳರ ಪ್ರಶ್ನೆ

ಪಂಪನ್ನು ಹಗಲಿಗೆ ತಂದಾಯಿತು. ಮನೆ, ಬೀದಿದೀಪ, ಹಿಟ್ಟಿನ ಗಿರಣಿಗೆ ಸಂಜೆ ಏನು? ಇಲ್ಲಿ ನೋಡಬೇಕಾದ ಸಂಘ ಹವಾಯಿಯ ಕೌವಾಯಿ ದ್ವೀಪದ್ದು. 2002ರಲ್ಲಿ ಅಲ್ಲಿನ ಜನ ಖಾಸಗಿ ಕಂಪನಿಯಿಂದ ವಿದ್ಯುತ್ ವ್ಯವಸ್ಥೆಯನ್ನು ಕೊಂಡು ಸಹಕಾರ ಸಂಘ ಮಾಡಿಕೊಂಡರು. ದ್ವೀಪವಾದ್ದರಿಂದ ಪಕ್ಕದ ಗ್ರಿಡ್ ಎಂಬುದಿಲ್ಲ. ಬಹುಪಾಲು ಹಡಗಿನಲ್ಲಿ ಬರುವ ಎಣ್ಣೆಯ ಮೇಲೇ ನಡೆಯುತ್ತಿತ್ತು. 2017ರಲ್ಲಿ 13 ಮೆಗಾವ್ಯಾಟ್ ಸೌರದ ಜೊತೆ 52 ಮೆಗಾವ್ಯಾಟ್-ಅವರ್ (ಅಂದರೆ 52,000 ಯೂನಿಟ್ ಹಿಡಿಯುವ) ಬ್ಯಾಟರಿ ಬಂತು, 2019ರಲ್ಲಿ 28 ಮೆಗಾವ್ಯಾಟ್ ಸೌರದ ಜೊತೆ 100 ಮೆಗಾವ್ಯಾಟ್-ಅವರ್. ಮಧ್ಯಾಹ್ನ ತುಂಬಿಸಿ ಸಂಜೆ ಬಿಡುವುದು ಅವುಗಳ ಕೆಲಸ. 2019ರಿಂದ ಕೆಲವು ದಿನಗಳಲ್ಲಿ ಗಂಟೆಗಟ್ಟಲೆ ಎಣ್ಣೆ ಸುಡದೆ ಆ ದ್ವೀಪ ನಡೆದಿದೆ.

ಅಲ್ಲೊಂದು ಪಾಠವೂ ಇದೆ. 2021ರ ನವೆಂಬರ್‌ನ ಒಂದು ಬೆಳಗಿನ ಜಾವ ದ್ವೀಪದ ಬೇಡಿಕೆಯ ಅರ್ಧಕ್ಕಿಂತ ಹೆಚ್ಚು ಕೊಡುತ್ತಿದ್ದ ಎಣ್ಣೆಯ ಟರ್ಬೈನ್ ಹಠಾತ್ತಾಗಿ ನಿಂತಿತು. ಬ್ಯಾಟರಿಗಳು ತಕ್ಷಣ ಕೊರತೆ ತುಂಬಿ ದ್ವೀಪವನ್ನು ಕತ್ತಲೆಯಿಂದ ಉಳಿಸಿದವು. ಆದರೆ ಜಾಲದಲ್ಲಿ ಸೆಕೆಂಡಿಗೆ ಹದಿನೆಂಟು ಇಪ್ಪತ್ತು ಬಾರಿ ಕಂಪಿಸುವ ಅಲೆಯೊಂದು ಎದ್ದಿತು. ಕಾರಣ ಇನ್ವರ್ಟರುಗಳ ಸ್ವಭಾವ. ಉಕ್ಕಿನ ಭಾರಿ ಟರ್ಬೈನ್ ತಿರುಗುತ್ತಿದ್ದರೆ ಅದರ ಜಡತ್ವವೇ ಆವರ್ತನವನ್ನು ಹಿಡಿದಿಡುತ್ತದೆ. ಸಾಮಾನ್ಯ ಇನ್ವರ್ಟರ್ ಬೇರೆಯವರ ತಾಳವನ್ನು ಅನುಸರಿಸುತ್ತದೆ, ತಾನೇ ತಾಳ ಹಾಕುವುದಿಲ್ಲ. ಎಲ್ಲರೂ ಅನುಸರಿಸುವವರೇ ಆದರೆ ಕಷ್ಟ. ತಾನೇ ತಾಳ ಹಾಕುವ, ಗ್ರಿಡ್ ಕಟ್ಟುವ ಇನ್ವರ್ಟರುಗಳು ಬೇಕು ಎಂಬುದು ಆ ಘಟನೆಯಿಂದ ಖಚಿತವಾಯಿತು. ನಮ್ಮ ತಾಲ್ಲೂಕಿನ ಸಂಘಕ್ಕೆ ಸದ್ಯಕ್ಕೆ ಈ ತಲೆನೋವಿಲ್ಲ, ಏಕೆಂದರೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ಸೇರಿ, ತಾಳ ಹಾಕುವವರು ಸಾಕಷ್ಟಿದ್ದಾರೆ.

ಗ್ರಿಡ್ ಇರುವಾಗ ಸಂಘ ಎಷ್ಟು ಬ್ಯಾಟರಿ ಇಡಬೇಕು? ಸಂಜೆಯ ಎರಡು ಮೂರು ಗಂಟೆಗಳಿಗೆ ಸಾಕಾಗುವಷ್ಟು ಎಂಬುದೇ ಸರಿಯೆನಿಸುತ್ತದೆ, ಏಕೆಂದರೆ ಸಗಟು ಕರೆಂಟು ಅತಿ ದುಬಾರಿಯಾಗುವುದು ಆ ಹೊತ್ತಿಗೇ. ರಾತ್ರಿಯೆಲ್ಲಕ್ಕೂ ಸಾಲುವಷ್ಟನ್ನು ಒಂದು ತಾಲ್ಲೂಕು ತಾನೇ ಕೊಳ್ಳುವುದು ದುಂದು. ಆ ಗಾತ್ರದ ಸಂಗ್ರಹವನ್ನು ರಾಜ್ಯ ಮಟ್ಟದಲ್ಲೇ ಮಾಡಬೇಕು, ಅದೂ ಜಗಳವಿಲ್ಲದೆ ಆಗುವುದಿಲ್ಲ. ಶರಾವತಿ ಕಣಿವೆಯಲ್ಲಿ ಯೋಜಿಸಿರುವ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್‌ಗೆ (ಮಿಕ್ಕ ಕರೆಂಟಿನಲ್ಲಿ ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಇಳಿಸಿ ಕರೆಂಟು ಮಾಡುವ ವ್ಯವಸ್ಥೆ) ಸಿಂಗಳೀಕಗಳ ಕಾಡು ಹೋಗುತ್ತದೆಂದು ಮಲೆನಾಡಿನವರು ಎತ್ತಿರುವ ತಕರಾರು ಎಲ್ಲರಿಗೂ ಗೊತ್ತೇ ಇದೆ.

ಕರಾರು ಪತ್ರದ ಐದು ಶೇಕಡಾ

ಅಮೆರಿಕದ ಸಂಘಗಳು ಉತ್ಪಾದನೆಗೆ ತಮ್ಮದೇ ಒಕ್ಕೂಟಗಳನ್ನು ಕಟ್ಟಿಕೊಂಡಿವೆ. ಒಕ್ಕೂಟ ದೊಡ್ಡ ಕಲ್ಲಿದ್ದಲು ಸ್ಥಾವರಕ್ಕೆ ಸಾಲ ತರುತ್ತದೆ. ಸಾಲ ತೀರಬೇಕೆಂದರೆ ಗಿರಾಕಿ ಗ್ಯಾರಂಟಿ ಬೇಕು. ಆದ್ದರಿಂದ ಸದಸ್ಯ ಸಂಘಗಳು ದಶಕಗಳ ಕಾಲ ತಮ್ಮ ಕರೆಂಟನ್ನೆಲ್ಲ ಒಕ್ಕೂಟದಿಂದಲೇ ಕೊಳ್ಳಬೇಕೆಂಬ ಕರಾರು. ಕೊಲರಾಡೋದ ಟ್ರೈ-ಸ್ಟೇಟ್ ಒಕ್ಕೂಟದಲ್ಲಿ ಸಂಘವೊಂದು ತಾನೇ ಉತ್ಪಾದಿಸಿಕೊಳ್ಳಲು ಇದ್ದ ಅವಕಾಶ ಶೇ 5 ಮಾತ್ರ. ನ್ಯೂ ಮೆಕ್ಸಿಕೋದ ಟಾವೋಸ್‌ನಲ್ಲಿರುವ ಕಿಟ್ ಕಾರ್ಸನ್ ಸಂಘಕ್ಕೆ ಅದಕ್ಕಿಂತ ಹೆಚ್ಚು ಸೌರ ಬೇಕಿತ್ತು. 2016ರಲ್ಲಿ 3.7 ಕೋಟಿ ಡಾಲರ್ ಬಿಡುಗಡೆ ಶುಲ್ಕ ಕಟ್ಟಿ ಒಕ್ಕೂಟದಿಂದ ಹೊರಬಂದು, 2022ರ ಹೊತ್ತಿಗೆ ಬಿಸಿಲಿನ ದಿನಗಳಲ್ಲಿ ಹಗಲಿನ ಬೇಡಿಕೆಯನ್ನೆಲ್ಲ ಸೌರದಿಂದಲೇ ತುಂಬಿಸುವ ಮಟ್ಟಕ್ಕೆ ಬಂತು. ರಾತ್ರಿಗೆ ಬೇರೆಯವರಿಂದ ಕೊಳ್ಳುತ್ತದೆ.

ಶುಲ್ಕ ಅನ್ಯಾಯವೇ? ಪೂರ್ತಿ ಹಾಗೆನ್ನಲಾಗದು. ಹೋದವರ ಪಾಲಿನ ಸಾಲ ಉಳಿದವರ ತಲೆಗೆ ಬೀಳುತ್ತದೆ. ನಮ್ಮಲ್ಲೂ ಎಸ್ಕಾಂಗಳು ಸ್ಥಾವರಗಳಿಗೆ ಎರಡು ಬಗೆಯಲ್ಲಿ ಹಣ ಕೊಡುತ್ತವೆ, ಯೂನಿಟ್‌ಗೆ ಇಂಧನದ ಬೆಲೆ ಒಂದು, ಕರೆಂಟು ತೆಗೆದುಕೊಂಡರೂ ಬಿಟ್ಟರೂ ಕೊಡಬೇಕಾದ ಸ್ಥಿರ ವೆಚ್ಚ ಇನ್ನೊಂದು. ಸಂಘವೊಂದು ಮಧ್ಯಾಹ್ನ ಕೊಳ್ಳುವುದು ನಿಲ್ಲಿಸಿ, ಸಂಜೆ ಮಾತ್ರ ಕೊಡಿ ಎಂದರೆ ಎಸ್ಕಾಂಗೆ ಉಳಿಯುವುದು ಕಲ್ಲಿದ್ದಲಿನ ದುಡ್ಡು ಮಾತ್ರ, ಸ್ಥಿರ ವೆಚ್ಚ ಹಾಗೇ ಇರುತ್ತದೆ. ಜಯನಗರದ ತಾರಸಿಯ ಮೇಲೆ ನೆಟ್ ಮೀಟರ್ ಹಾಕಿಸಿಕೊಂಡವರು ಹಗಲು ಕೊಟ್ಟ ಯೂನಿಟನ್ನು ರಾತ್ರಿ ಸರಿಸಮ ವಾಪಸು ಪಡೆಯುವುದು ಇದೇ ಲೆಕ್ಕದ ಚಿಕ್ಕ ರೂಪ, ಅವರ ಸಂಜೆಯ ಖರ್ಚನ್ನು ಉಳಿದವರು ಭರಿಸುತ್ತಾರೆ. ಕೆಲವೇ ಮನೆಗಳಾದರೆ ನಡೆಯುತ್ತದೆ. ಇಡೀ ತಾಲ್ಲೂಕಾದರೆ ಆಯೋಗ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಒಪ್ಪಂದ ಗಂಟೆವಾರು ಆಗಬೇಕು. ಮಧ್ಯಾಹ್ನದ ಸಗಟು ದರ ಕಡಿಮೆ, ಸಂಜೆಯದು ಹೆಚ್ಚು. ಸಂಘ ಮಧ್ಯಾಹ್ನ ಹೆಚ್ಚುವರಿ ಕೊಟ್ಟರೆ ಕಡಿಮೆ ಬೆಲೆಗೇ ಕೊಡಲಿ, ಸಂಜೆ ಬ್ಯಾಟರಿಯಿಂದ ಕೊಟ್ಟರೆ ಹೆಚ್ಚಿನ ಬೆಲೆ ಸಿಗಲಿ. ಆಗ ಬ್ಯಾಟರಿಯ ಸಾಲಕ್ಕೆ ಆದಾಯದ ಮೂಲವೂ ಹುಟ್ಟುತ್ತದೆ.

ಮೀಟರ್ ಎಂದರೆ ಯಾಕೆ ಹೆದರಿಕೆ

ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ಆರು ಮಂದಿ ರೈತರು ಸೇರಿ ಸೌರ ಉತ್ಪಾದಕರ ಸಹಕಾರಿ ಮಂಡಳಿ ಆರಂಭಿಸಿದರು. ಅಂತರರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆ ಬೆನ್ನಿಗಿತ್ತು. ಪಂಪಿಗೆ ಬೇಕಾದಷ್ಟು ಬಳಸಿಕೊಂಡು, ಮಿಕ್ಕಿದ್ದನ್ನು ಯೂನಿಟ್‌ಗೆ 4.63 ರೂಪಾಯಿಯಂತೆ 25 ವರ್ಷ ಅಲ್ಲಿನ ವಿದ್ಯುತ್ ಕಂಪನಿಗೆ ಮಾರುವ ಒಪ್ಪಂದ. ಮಾರಿದರೆ ದುಡ್ಡು ಬರುತ್ತದೆಂದಾಗ ಸುಮ್ಮನೆ ನೀರೆತ್ತುವುದಕ್ಕೆ ಕೈ ಹಿಂದೆಗೆಯುತ್ತದೆ ಎಂಬುದು ಅದರ ತರ್ಕ. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ, ಅಂತರ್ಜಲ ಪಾತಾಳಕ್ಕಿಳಿದ ನೆಲದಲ್ಲಿ, ಈ ತರ್ಕವಿಲ್ಲದೆ ಹಗಲಿಡೀ ಪುಕ್ಕಟೆ ಸೋಲಾರ್ ಪಂಪು ಕೊಟ್ಟರೆ ಬೋರ್‌ವೆಲ್ ಇನ್ನಷ್ಟು ಬೇಗ ಬತ್ತುತ್ತದೆ. ನಮ್ಮ ರಾಜ್ಯವೂ 2014ರಲ್ಲಿ ಸೂರ್ಯ ರೈತ ಯೋಜನೆಯಡಿ ಕನಕಪುರ ತಾಲ್ಲೂಕಿನ ಹಾರೋಬೆಲೆ ಕಡೆ ಇದೇ ದಾರಿ ಹಿಡಿದು ನೋಡಿತ್ತು.

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಐಪಿ ಸೆಟ್‌ಗೆ ಕರೆಂಟು ಉಚಿತ. ಮೀಟರ್ ಹಾಕಲು ಬಂದರೆ "ಇವತ್ತು ಮೀಟರ್, ನಾಳೆ ಬಿಲ್ಲು" ಎಂದು ಊರವರು ತಡೆಯುತ್ತಾರೆ. ಅವರ ಅನುಮಾನ ಪೂರ್ತಿ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಧುಂಡಿಯಲ್ಲಿ ಮೀಟರನ್ನು ಯಾರೂ ತಡೆಯಲಿಲ್ಲ, ಏಕೆಂದರೆ ಅಲ್ಲಿ ಅದು ರೈತನಿಗೆ ಬರಬೇಕಾದ ಹಣವನ್ನು ಎಣಿಸುತ್ತಿತ್ತು. ಸಂಘಕ್ಕೆ ಇಲ್ಲೊಂದು ಅವಕಾಶವಿದೆ: ಮೀಟರು ಸರ್ಕಾರದ್ದಲ್ಲ, ತಮ್ಮದೇ ಸಂಘದ್ದು, ಲೆಕ್ಕ ವಾರ್ಷಿಕ ಮಹಾಸಭೆಯಲ್ಲಿ ಎಲ್ಲರ ಎದುರಿಗೆ ಬರುತ್ತದೆ ಎಂದು ಸದಸ್ಯರಿಗೆ ತೋರಿಸಬಹುದು. ಪ್ರತಿ ಪಂಪಿಗೂ ಬೇಡ, ಮೊದಲು ಪ್ರತಿ ಟಿಸಿಗೊಂದು ಹಾಕಿದರೂ ಸಾಕು. ಯಾವ ಟಿಸಿ ಎಷ್ಟು ಗಂಟೆಗೆ ಎಷ್ಟು ಎಳೆಯುತ್ತದೆ ಎಂಬ ಒಂದು ವರ್ಷದ 15 ನಿಮಿಷವಾರು ಅಂಕಿಅಂಶ ಕೈಯಲ್ಲಿದ್ದರೆ ಪ್ಲಾಂಟಿನ ಗಾತ್ರ, ಬ್ಯಾಚಿನ ಗಂಟೆ, ಬ್ಯಾಟರಿಯ ಅಳತೆ ಮೂರನ್ನೂ ಅದರ ಮೇಲೇ ನಿರ್ಧರಿಸಬಹುದು. ಸಾಲ ಕೊಡುವ ಬ್ಯಾಂಕಿನವರೂ ಪ್ಯಾನೆಲ್ ಕಂಪನಿಯ ಬಣ್ಣದ ಪುಸ್ತಿಕೆಗಿಂತ ಮೊದಲು ಕೇಳುವುದು, ಕೇಳಬೇಕಾದ್ದು, ಆ ಅಂಕಿಗಳನ್ನೇ.